ಸಮೀಕರಣ ಒಮ್ಮೆ ಬರೆದರೆ ಸಾಕು

ಸೂತ್ರ ಬರೆದು, ಬೆಲೆಗಳನ್ನು ತುಂಬಿ, ಉತ್ತರ ತೆಗೆಯುವುದು ವಿದ್ಯಾರ್ಥಿಗಳಿಗೆ ರೂಢಿಯಾದ ಕೆಲಸ. ಅದೇ ಸೂತ್ರವನ್ನು ತಿರುಗಿಸಿ ಕೇಳಿದರೆ ಮಾತ್ರ ಹಲವರು ತಡವರಿಸುತ್ತಾರೆ. ಕಂಪ್ಯೂಟರ್ ಪ್ರೋಗ್ರಾಂಗಳಿಗೂ ಇದೇ ಕಷ್ಟವಿತ್ತೆಂದರೆ ನಂಬುತ್ತೀರಾ?

ಒಂದು ಗೋಡೆಯನ್ನೇ ತೆಗೆದುಕೊಳ್ಳಿ. ಪ್ರತಿ ಚದರ ಮೀಟರಿನಲ್ಲಿ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 2 ವ್ಯಾಟ್ ಉಷ್ಣ ದಾಟುತ್ತದೆ ಎಂದಿಟ್ಟುಕೊಳ್ಳೋಣ. ಗೋಡೆ 10 ಚದರ ಮೀಟರ್, ವ್ಯತ್ಯಾಸ 10 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಟ್ಟು 200 ವ್ಯಾಟ್. ಇಂಥ ಸಾವಿರಾರು ಲೆಕ್ಕಗಳನ್ನು ಗಂಟೆಗಂಟೆಗೂ ಮಾಡಿ, ಕಟ್ಟಡ ಏಳುವ ಮೊದಲೇ ಅದಕ್ಕೆ ಬೇಕಾಗುವ ಶಕ್ತಿಯನ್ನು ಅಂದಾಜು ಮಾಡುವುದೇ ಎನರ್ಜಿ ಸಿಮ್ಯುಲೇಷನ್.

ತೊಡಕು ಇದ್ದದ್ದು ಇಲ್ಲಿ. ಟ್ರಾನ್‌ಸಿಸ್‌ನಂಥ ಪ್ರೋಗ್ರಾಂಗೆ ಗೋಡೆಯ ಮಾದರಿಯನ್ನು ಸೇರಿಸುವವರು, ಕೊಟ್ಟದ್ದು ಯಾವುದು, ಕಂಡುಹಿಡಿಯಬೇಕಾದದ್ದು ಯಾವುದು ಎಂದು ಮೊದಲೇ ಗೊತ್ತುಮಾಡಿ ಫೋರ್ಟ್ರಾನ್ ಭಾಷೆಯಲ್ಲಿ ಬರೆಯಬೇಕಿತ್ತು. ಪ್ರಶ್ನೆ ಬದಲಾದರೆ ಮತ್ತೆ ಬರೆಯಬೇಕು. ಬೇರೆ ಪ್ರೋಗ್ರಾಂಗೆ ಒಯ್ದರೆ ಇನ್ನೊಮ್ಮೆ. ಪ್ರತಿ ಸಲವೂ ಒಂದು ಮೈನಸ್ ಚಿಹ್ನೆ ತಪ್ಪಿಹೋಗುವ ಭಯ.

1989ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಪೆರ್ ಸಾಲಿನ್ ಮತ್ತು ಎಡ್ವರ್ಡ್ ಸೋವೆಲ್ ಇದಕ್ಕೊಂದು ದಾರಿ ತೋರಿಸಿದರು. ಅದರ ಹೆಸರು ‘ನ್ಯೂಟ್ರಲ್ ಮಾಡೆಲ್ ಫಾರ್ಮ್ಯಾಟ್’. ಸಮೀಕರಣವನ್ನು ಯಾವ ಪ್ರೋಗ್ರಾಂಗೂ ಕಟ್ಟುಬೀಳದ ರೂಪದಲ್ಲಿ ಒಮ್ಮೆ ಬರೆದಿಡುವುದು. ಅದನ್ನು ಆಯಾ ಪ್ರೋಗ್ರಾಂನ ಕೋಡ್ ಆಗಿ ಮಾರ್ಪಡಿಸುವ ಕೆಲಸವನ್ನು ಅನುವಾದಕ ಪ್ರೋಗ್ರಾಂಗೆ ಒಪ್ಪಿಸುವುದು. ಅದು ಟ್ರಾನ್‌ಸಿಸ್‌ಗಾದರೆ ಫೋರ್ಟ್ರಾನ್ ಬರೆದುಕೊಡುತ್ತದೆ. ಸ್ವೀಡನ್ನಿನ ‘ಐಡಿಎ’ಗಾದರೆ, ಎಡಬದಿಯಿಂದ ಬಲಬದಿಯನ್ನು ಕಳೆದರೆ ಸೊನ್ನೆ ಎಂಬ ರೂಪ ಕೊಡುತ್ತದೆ, ತಿಳಿಯದ್ದನ್ನು ಬಿಡಿಸುವುದು ಐಡಿಎ ಪಾಲಿಗೆ. 1997ರಲ್ಲಿ ಬಂದ ಮಾಡೆಲಿಕಾ ಭಾಷೆಯದೂ ಇದೇ ಜಾಡು. ಇಂದು ಕಟ್ಟಡಗಳ ಮಾದರಿಗಳನ್ನು ಅದರಲ್ಲೂ ಬರೆಯುತ್ತಾರೆ.

ಆದರೆ ಒಂದು ಎಚ್ಚರಿಕೆ. ಅನುವಾದಕಕ್ಕೆ ಬೀಜಗಣಿತ ಬರುತ್ತದೆ, ಗೋಡೆಯ ಪರಿಚಯವಿಲ್ಲ. ಮೂಲ ಸಮೀಕರಣವೇ ತಪ್ಪಿದ್ದರೆ ಆ ತಪ್ಪು ಎಲ್ಲ ಪ್ರೋಗ್ರಾಂಗಳಿಗೂ ಅಚ್ಚುಕಟ್ಟಾಗಿ ತಲುಪುತ್ತದೆ. ಸಮೀಕರಣ ಸರಿಯೇ ಎಂದು ನೋಡುವ ಹೊಣೆ ಮನುಷ್ಯನದೇ.

ಪಾಲಕರೇ, ಇಂದು ಸಂಜೆ ನಿಮ್ಮ ಮಗುವಿಗೆ ಕೇಳಿ ನೋಡಿ: ಇದೇ ಗೋಡೆಯಲ್ಲಿ 200 ವ್ಯಾಟ್ ಒಳಬರುತ್ತಿದೆ, ಹೊರಗೆ 35 ಡಿಗ್ರಿ, ಒಳಗೆಷ್ಟು? ಹೊಸ ಸೂತ್ರ ಹುಡುಕದೆ 25 ಎಂದರೆ, ಸಮ ಚಿಹ್ನೆಯ ಅರ್ಥ ಮಗುವಿಗೆ ಗೊತ್ತಾಗಿದೆ. ಅದು ‘ಉತ್ತರ ಇಲ್ಲಿ ಬರೆಯಿರಿ’ ಎಂಬ ಸೂಚನೆಯಲ್ಲ, ಎರಡು ಬದಿಗಳ ನಡುವಿನ ಸಂಬಂಧ.