ಬಂಗುಡೆಯ ಹೊಟ್ಟೆಯಲ್ಲೊಂದು ಹುಳ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸಹೋದರಿಯರು ಕಡಲು ನೋಡಬೇಕೆಂದರೆ ಘಟ್ಟ ಇಳಿದು ಇಡೀ ರಾತ್ರಿ ಪ್ರಯಾಣ ಮಾಡಬೇಕು. ಕಡಲ ಮೀನು ಮಾತ್ರ ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕೂತು ತಾನಾಗಿಯೇ ಅವರ ಊರಿಗೆ ಬರುತ್ತದೆ. ಕೆರೆಯ ಕಾಟ್ಲಾ, ರೋಹು ತಿಂದು ಬೇಸತ್ತ ನಾಲಿಗೆಗೆ ಬಂಗುಡೆ, ಬೂತಾಯಿ ಎಂದರೆ ಹಬ್ಬವೇ.

ಮಧುಗಿರಿಯ ನೆಂಟರೊಬ್ಬರ ಮನೆಯಲ್ಲಿ ನಾನಿದ್ದಾಗ ನಡೆದದ್ದು. ಬಂಗುಡೆ ಸೀಳುತ್ತಿದ್ದ ಸೊಸೆ ಚಾಕು ಬಿಟ್ಟು, "ಅಮ್ಮೀ, ಇದರಲ್ಲಿ ಹುಳ!" ಎಂದು ಚೀರಿದಳು. ಕರುಳಿನ ಮೇಲೆ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡ ಬಿಳಿಯ ಹುಳ. ಎರಡು ಕಿಲೋ ಮೀನು ತಿಪ್ಪೆಗೆ ಹೋಯಿತು. ಮಾರಿದವನಿಗೆ ಶಾಪ ಬಿತ್ತು. ಹಿಂದಿನ ವಾರ ಅದೇ ಮೀನು ತಿಂದಿದ್ದ ಮಕ್ಕಳಿಗೆ ಸಂಜೆಯೇ ಜಂತುಹುಳುವಿನ ಮಾತ್ರೆ. ಈ ಮೂರರಲ್ಲಿ ಒಂದೂ ಬೇಕಿರಲಿಲ್ಲ.

ಆ ಹುಳ ಮೀನು ಕೊಳೆತದ್ದರಿಂದ ಹುಟ್ಟಿದ್ದಲ್ಲ. ಅನಿಸಾಕಿಸ್ ಜಾತಿಯ ಈ ಹುಳಗಳ ನಿಜವಾದ ಮನೆ ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಹೊಟ್ಟೆ. ಅವುಗಳ ಮಲದೊಂದಿಗೆ ಮೊಟ್ಟೆಗಳು ಕಡಲು ಸೇರುತ್ತವೆ. ಮರಿಗಳನ್ನು ಸೀಗಡಿಯಂಥ ಸಣ್ಣ ಜೀವಿಗಳು ನುಂಗುತ್ತವೆ, ಅವನ್ನು ಮೀನು ನುಂಗುತ್ತದೆ. ಡಾಲ್ಫಿನ್ ಬಂದು ಆ ಮೀನನ್ನು ತಿನ್ನುವವರೆಗೆ ಮರಿ ಹುಳ ಕರುಳಿನ ಮೇಲೆ ಸುತ್ತಿಕೊಂಡು ಕಾಯುತ್ತದೆ. ಇದು ಎರಡು ಮೂರು ಸೆಂಟಿಮೀಟರ್ ಉದ್ದವಿರುತ್ತದೆ. ಕೆಲವು ಮೀನುಗಳಲ್ಲಿ ಅಕ್ಕಿ ಕಾಳಿನಂಥ ಬಿಳಿ ಗಂಟುಗಳೂ ಕಾಣುತ್ತವೆ. ಅವು ಶಾರ್ಕ್ ಮತ್ತು ತೊರಕೆ ಮೀನುಗಳ ಲಾಡಿಹುಳದ ಮರಿಗಳು. ನೋಡಲು ಅಸಹ್ಯ, ಅಷ್ಟೇ.

ಮನುಷ್ಯನ ಹೊಟ್ಟೆಯಲ್ಲಿ ಅನಿಸಾಕಿಸ್ ಬೆಳೆಯುವುದಿಲ್ಲ, ಮರಿ ಹಾಕುವುದಿಲ್ಲ. ಆದರೆ ಹಸಿ ಮೀನಿನೊಂದಿಗೆ ಜೀವಂತ ಒಳಹೊಕ್ಕರೆ ಜಠರದ ಗೋಡೆಯನ್ನು ಕೊರೆಯಲು ನೋಡುತ್ತದೆ. ಕೆಲವೇ ಗಂಟೆಗಳಲ್ಲಿ ವಿಪರೀತ ಹೊಟ್ಟೆನೋವು, ವಾಂತಿ. ಹಸಿ ಮೀನು ತಿನ್ನುವ ಜಪಾನಿನಲ್ಲಿ ಈ ಕಾಯಿಲೆ ಸಾಮಾನ್ಯ. ಇದನ್ನು 1960ರಲ್ಲಿ ಮೊದಲು ಬಣ್ಣಿಸಿದ್ದು ನೆದರ್‌ಲ್ಯಾಂಡ್ಸಿನಲ್ಲಿ, ಅರೆ ಉಪ್ಪು ಹಾಕಿದ ಹೆರಿಂಗ್ ಮೀನು ತಿಂದವರಲ್ಲಿ. ಹಿಂದೆ ಅಲ್ಲಿನ ಬೆಸ್ತರು ಮೀನು ಹಿಡಿದ ಕೂಡಲೇ ಕರುಳು ತೆಗೆಯುತ್ತಿದ್ದರು. ಐಸ್ ಬಂದ ಮೇಲೆ ಇಡೀ ಮೀನನ್ನೇ ದಡಕ್ಕೆ ತರತೊಡಗಿದರು. ಮೀನು ಸತ್ತ ಮೇಲೆ ಹುಳ ಕರುಳು ಬಿಟ್ಟು ಮಾಂಸಕ್ಕೆ ಸರಿಯಿತು. ಕೊನೆಗೆ 1968ರಲ್ಲಿ ಅಲ್ಲಿನ ಸರಕಾರ ಇಂಥ ಮೀನನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ 24 ಗಂಟೆ ಇಡಲೇಬೇಕೆಂದು ಕಾನೂನು ಮಾಡಿತು.

ಆ ಕಥೆ ನಮಗೂ ಹೊಂದುತ್ತದೆ. ನಮ್ಮೂರಿಗೆ ಬರುವ ಬಂಗುಡೆಯೂ ಕರುಳು ಸಮೇತ ಐಸಿನಲ್ಲಿ ಬಂದದ್ದೇ. ಐಸ್ ಮೀನನ್ನು ತಣ್ಣಗಿಡುತ್ತದೆ, ಹುಳವನ್ನು ಕೊಲ್ಲುವುದಿಲ್ಲ. ಕರೆಂಟು ಬಂದು ಹೋಗುವ ಮನೆಯ ಫ್ರಿಜ್ಜನ್ನೂ ಇದಕ್ಕೆ ನಂಬಬೇಡಿ. ಉಪ್ಪು, ನಿಂಬೆಹುಳಿ, ವಿನೆಗರ್ ಹಚ್ಚಿಟ್ಟರೂ ಅದು ಬದುಕಿರಬಹುದು. ಬೆಂಕಿಯ ಮುಂದೆ ಮಾತ್ರ ಅದರ ಆಟ ನಡೆಯದು. ಮೀನಿನ ಒಳಭಾಗ 60 ಡಿಗ್ರಿಗೆ ಬಂದು ಒಂದು ನಿಮಿಷವಾದರೆ ಹುಳ ಸಾಯುತ್ತದೆ. ಕುದಿಯುವ ಹುಣಸೆಹುಳಿ ಸಾರಿನಲ್ಲಿ ಅದರ ಸುದ್ದಿಯೇ ಇಲ್ಲ. ತವೆಯ ಮೇಲೆ ದಪ್ಪ ಅಂಜಲ್ ತುಂಡು ಹುರಿಯುವಾಗ ಮಾತ್ರ ಗಮನವಿರಲಿ. ಹೊರಗೆ ಕೆಂಪಾಗಿ, ಮುಳ್ಳಿನ ಬಳಿ ಮಾಂಸ ಗಾಜಿನಂತೆ ಹಸಿಯಾಗಿಯೇ ಉಳಿದಿರುತ್ತದೆ.

ಮಕ್ಕಳ ಹೊಟ್ಟೆಯ ಜಂತುಹುಳ ಬೇರೆಯೇ. ಅದು ಬರುವುದು ಮಲ ಬೆರೆತ ಮಣ್ಣಿನಿಂದ, ತೊಳೆಯದ ಕೈಯಿಂದ. 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಮಾತ್ರೆ ಅದಕ್ಕಾಗಿ. ಮೀನಿನ ಮೇಲೆ ಆ ಅಪವಾದ ಹೊರಿಸಬೇಡಿ.

ನನಗೆ ಹೆಚ್ಚು ಭಯ ಕಣ್ಣಿಗೆ ಕಾಣದ ಇನ್ನೊಂದರದ್ದು. ಬಂಗುಡೆ, ಬೂತಾಯಿ, ಸೂರೆ ಮೀನುಗಳಿಗೆ ದಾರಿಯಲ್ಲಿ ಐಸ್ ಸಾಲದೆ ಹೋದರೆ ಬ್ಯಾಕ್ಟೀರಿಯಾಗಳು ಮಾಂಸದಲ್ಲಿ ಹಿಸ್ಟಮಿನ್ ಎಂಬ ವಿಷವಸ್ತು ಮಾಡುತ್ತವೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ವಾಸನೆಯಲ್ಲೂ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಮಧುಗಿರಿಯ ಅದೇ ಮನೆಯಲ್ಲಿ ಕೆಲವು ತಿಂಗಳ ಹಿಂದೆ ಊಟವಾಗಿ ಅರ್ಧ ಗಂಟೆಯೊಳಗೆ ಮೊಮ್ಮಗನ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯತೊಡಗಿತ್ತಂತೆ. "ಮೀನು ಮಗುವಿಗೆ ಹಿಡಿಸಲಿಲ್ಲ" ಎಂದು ಸುಮ್ಮನಾಗಿದ್ದರು. ಆ ಮೀನಿನಲ್ಲಿ ಹುಳ ಇರಲಿಲ್ಲ, ಆದ್ದರಿಂದ ಯಾರೂ ಚೀರಲಿಲ್ಲ! ಇಂಥ ಹೊತ್ತಿನಲ್ಲಿ ಉಸಿರು ಕಟ್ಟಿದಂತಾದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಿ. ಮೀನು ಪದೇ ಪದೇ ಹೀಗೆ ಮಾಡಿದರೆ ಅಲರ್ಜಿಯೂ ಇರಬಹುದು. ಸತ್ತ, ಬೆಂದ ಹುಳವೂ ಕೆಲವರಿಗೆ ಅಲರ್ಜಿ ತರುವುದುಂಟು. ವೈದ್ಯರಿಗೆ ತೋರಿಸಿ.

ಆದ್ದರಿಂದ ಮೀನಿನವನ ಹತ್ತಿರ ದರ ಕೇಳುವ ಮೊದಲು ಅವನ ಪೆಟ್ಟಿಗೆಯೊಳಗೆ ಇಣುಕಿ. ಐಸ್ ಕರಗಿ ಕೆಂಪು ನೀರು ಮಾತ್ರ ಉಳಿದಿದ್ದರೆ ಮುಂದೆ ನಡೆಯಿರಿ. ಕಣ್ಣು ತಿಳಿಯಾಗಿ, ಕಿವಿರು ಕೆಂಪಾಗಿ, ಬೆರಳಿನಿಂದ ಒತ್ತಿದ ಗುಳಿ ಮತ್ತೆ ಮೇಲೇಳುವಂತಿದ್ದರೆ ಕೊಳ್ಳಿ. ಅಲ್ಲಿಯೇ ಹೊಟ್ಟೆ ಸೀಳಿಸಿ ಕರುಳು ತೆಗೆಸಿ, ಹಿಡಿ ಐಸ್ ಹಾಕಿಸಿಕೊಂಡು ನೇರ ಮನೆಗೆ ಬನ್ನಿ. ಸಂತೆಯ ಉಳಿದ ಕೆಲಸವೆಲ್ಲ ಮೀನು ಕೊಳ್ಳುವ ಮೊದಲೇ ಮುಗಿದಿರಲಿ. ಆಮೇಲೂ ಹುಳ ಕಂಡರೆ ಚಾಕುವಿನ ತುದಿಯಿಂದ ತೆಗೆದು ಹಾಕಿ ಚೆನ್ನಾಗಿ ಬೇಯಿಸಿ. ಮಾಂಸದ ತುಂಬಾ ಕಂಡರೆ ಮಾತ್ರ ಆ ಒಂದು ಮೀನನ್ನು ಬಿಟ್ಟುಬಿಡಿ.