ಕೊಡಿ ಏರುವ ಮೊದಲೇ
2020ರ ಮಾರ್ಚ್ ನಡುವಿನ ಒಂದು ವಾರ ಪುತ್ತೂರಿನ ಹೋಟೆಲೊಂದರಲ್ಲಿ ಪಕ್ಕದ ಟೇಬಲಿನವರಿಗೆ ತಲೆಬಿಸಿ ಕೊರೊನಾದ್ದಲ್ಲ, ವಯನಾಡಿನ ರೂಮಿನದ್ದು: "ಅಡ್ವಾನ್ಸ್ ಕೊಟ್ಟಾಗಿದೆ ಮಾರಾಯ್ರೆ, ಮಕ್ಕಳಿಗೆ ಏನು ಹೇಳುವುದು?" ಮಾರ್ಚ್ 13ರಂದು ರಾಜ್ಯ ಸರಕಾರ ಮಾಲ್, ಥಿಯೇಟರ್‌ಗಳಿಗೆ ಒಂದು ವಾರ ಬೀಗ ಹಾಕಿಸಿತ್ತು; ಮನೆಮಂದಿಯೆಲ್ಲ ಕಾರು ಹತ್ತಿ ಸುಳ್ಯದಾಚೆ ಹೊರಡುವುದಕ್ಕೆ ಇನ್ನೂ ಅಡ್ಡಿಯಿರಲಿಲ್ಲ, ಹಾಗಾಗಿ ತೀರ್ಮಾನ ನಮ್ಮ ತಲೆಗೇ ಬಿದ್ದಿತ್ತು. ಆದರೆ ಯಾರೂ ಕೈಹಿಡಿದು ಎಳೆಯದೆ ಊರಲ್ಲಿ ಕೂರುವುದು ನಮಗೆ ಹೊಸತೇ? ಪ್ರತಿವರ್ಷ ಏಪ್ರಿಲ್ 10ಕ್ಕೆ ನಮ್ಮೂರ ಮಹಾಲಿಂಗೇಶ್ವರನ ಜಾತ್ರೆಯ ಕೊಡಿ (ಧ್ವಜ) ಏರಿತೆಂದರೆ, ಅದು ಇಳಿಯುವವರೆಗೆ ಹೊರಗೆಲ್ಲೂ ರಾತ್ರಿ ತಂಗಬಾರದೆಂಬ ಕಟ್ಟುಪಾಡನ್ನು ಪಾಲಿಸುವ ಮನೆಗಳು ಇಂದಿಗೂ ಇವೆ. ಹತ್ತಿರದ ನೆಂಟರ ಮದುವೆಗೂ ಬೆಳಗ್ಗೆ ಹೋಗಿ ಸಂಜೆಗೆ ಓಡಿ ಬಂದವರನ್ನು ಬಲ್ಲೆ. ಅವರಾರೂ ನಷ್ಟದ ಲೆಕ್ಕ ಬರೆದವರಲ್ಲ. ದೇವರಿಗೆ ಕೊಡುವ ಆ ಕೆಲವು ರಾತ್ರಿಗಳನ್ನು ಮನೆಯ ಅಜ್ಜಿಗೆ ಕೊಡಬಾರದಿತ್ತೇ? ಪ್ರವಾಸಕ್ಕೆ ಬಾರದೆ ದನಕ್ಕೆ ಹುಲ್ಲು ಹಾಕಿಕೊಂಡು ಉಳಿಯುವವರು ಅವರು. ಮೊಮ್ಮಕ್ಕಳು ಹೊತ್ತು ತಂದದ್ದು ಮೊದಲು ತಾಗುವುದೂ ಅವರಿಗೇ. ದೇಶದ ಮೊದಲ ಕೋವಿಡ್ ಬಲಿಯಾದ ಕಲಬುರಗಿಯ ವ್ಯಕ್ತಿಯ ವಯಸ್ಸು 76. ರೂಮಿನವರು ಹಣ ಮರಳಿಸದಿದ್ದರೆ ಮುಂದಿನ ವರ್ಷಕ್ಕೆ ಹಿಡಿದುಕೊಳ್ಳಿ ಎಂದು ಕೇಳಿ ನೋಡಬಹುದಿತ್ತು. ಮಕ್ಕಳಿಗೆ ಹಲಸಿನ ಹಪ್ಪಳ ಒಣಗಿಸುವ ಕೆಲಸ ಹೇಗೂ ಇತ್ತು.