ತಿದ್ದುವ ಕೈ ಯಾರದು?

“ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಅದರ ಅರ್ಥ ನನಗೆ ಚೆನ್ನಾಗಿ ಮನದಟ್ಟಾದುದು ದ್ವಿತೀಯ ಬಿ.ಎ. ತರಗತಿಯಲ್ಲಿದ್ದಾಗ. ನನ್ನ ಹೆಸರು ಬ್ಯಾಂಕಿನ ಪುಸ್ತಕದಲ್ಲಿ ಒಂದು ಬಗೆಯಾಗಿಯೂ, ವಿದ್ಯಾರ್ಥಿವೇತನದ ದಾಖಲೆಯಲ್ಲಿ ಒಂದಕ್ಷರ ಬೇರೆಯಾಗಿಯೂ ಇತ್ತು. ಮಂಜೂರಾಗಿದ್ದ ಹಣ ನಾಲ್ಕು ತಿಂಗಳು ಕೈಸೇರಲಿಲ್ಲ. ಅಪ್ಪನೊಡನೆ ಕಚೇರಿಗೆ ಹೋಗಿ ವಿಚಾರಿಸಿದರೆ, “ಕಂಪ್ಯೂಟರಿನಲ್ಲಿ ಹಾಗೇ ಇದೆಯಮ್ಮ, ನಾವೇನು ಮಾಡೋಣ?” ಎಂಬ ಉತ್ತರ ದೊರೆಯಿತು. ಓದುಬರಹ ಬಾರದ ನನ್ನಪ್ಪ ಹೊರಗೆ ಬಂದು, “ಹಂಗಾದ್ರೆ ಅದನ್ನ ಬರೆದೋರು ಯಾರವ್ವ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಉತ್ತರವನ್ನು ಹುಡುಕುತ್ತ ಹೊರಟವಳಿಗೆ ದೊರೆತುದು ಹಳೆಯ ಗಣಕಯಂತ್ರಗಳ ಕಥೆ. ಒಂದೇ ದೊಡ್ಡ ಯಂತ್ರವನ್ನು ಹಲವರು ಏಕಕಾಲದಲ್ಲಿ ಹಂಚಿಕೊಂಡು ಬಳಸುವ ಪದ್ಧತಿಯನ್ನು 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ಮಾಡಿ ತೋರಿಸಿದರು. ಅದಕ್ಕೆ ಸಿ.ಟಿ.ಎಸ್.ಎಸ್. ಎಂದು ಹೆಸರು. ಹಲವರು ಹಂಚಿಕೊಳ್ಳುವ ವಸ್ತುವಿಗೆ ಖಾತೆ ಪುಸ್ತಕ ಬೇಕೇ ಬೇಕಲ್ಲವೆ? ಬಳಸುವವರಿಗೆಲ್ಲ ಒಂದೊಂದು ಸಂಖ್ಯೆ, ಗುಪ್ತಪದ, ಇಂತಿಷ್ಟೇ ಹೊತ್ತು ಎಂಬ ಮಿತಿ, ಇವೆಲ್ಲವೂ ದಾಖಲೆಯಾದುವು.

ಒಮ್ಮೆ ಅಲ್ಲೊಂದು ವಿಚಿತ್ರ ನಡೆಯಿತು. ಯಂತ್ರವನ್ನು ಪ್ರವೇಶಿಸಿದವರಿಗೆಲ್ಲ ದಿನದ ಸೂಚನೆ ಕಾಣುವ ಬದಲು ಎಲ್ಲರ ಗುಪ್ತಪದಗಳ ಪಟ್ಟಿಯೇ ಅಚ್ಚಾಗತೊಡಗಿತು! ಕಾರಣ ಸರಳವಾದುದು. ಕಡತ ತಿದ್ದುವ ಸಾಧನವು ತನ್ನ ತಾತ್ಕಾಲಿಕ ಪ್ರತಿಗೆ ಯಾವಾಗಲೂ ಒಂದೇ ಹೆಸರಿಡುತ್ತಿತ್ತು. ಒಂದು ಕಡೆ ಒಬ್ಬರೇ ಕುಳಿತು ತಿದ್ದುತ್ತಾರೆಂದು ಅದನ್ನು ರಚಿಸಿದವರು ಭಾವಿಸಿದ್ದರು. ಅಂದು ಇಬ್ಬರು ಒಟ್ಟಿಗೆ ತಿದ್ದಿದರು. ಒಬ್ಬರು ಸೂಚನೆಯನ್ನು, ಇನ್ನೊಬ್ಬರು ಗುಪ್ತಪದಗಳನ್ನು. ಎರಡೂ ಅದಲುಬದಲಾದುವು. ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಕೊರ್ಬಾಟೊ ಅವರೇ ಈ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. “ಯಂತ್ರದಲ್ಲಿ ಹಾಗೇ ಇತ್ತು” ಎಂದು ಅವರು ಕೈತೊಳೆದುಕೊಳ್ಳಲಿಲ್ಲ.

ಮುಂದೆ ಎಂ.ಐ.ಟಿ., ಬೆಲ್ ಲ್ಯಾಬ್ಸ್ ಮತ್ತು ಜನರಲ್ ಎಲೆಕ್ಟ್ರಿಕ್ ಕಂಪನಿಗಳು ಕೂಡಿ ಆರಂಭಿಸಿದ ಮಲ್ಟಿಕ್ಸ್ ಎಂಬ ವ್ಯವಸ್ಥೆಯಲ್ಲಿ ತಿದ್ದುವ ಅಧಿಕಾರವನ್ನೇ ಹಂಚಲಾಯಿತು. ಪ್ರತಿಯೊಂದು ಕೆಲಸವೂ ಒಂದು ‘ಪ್ರಾಜೆಕ್ಟ್’. ಅದರ ಹೆಸರು, ಹೊಣೆಗಾರರು, ಲೆಕ್ಕದ ಸಂಖ್ಯೆ, ಮಂಜೂರಾದ ಮೊತ್ತ ಮೊದಲಾದುವನ್ನು ತಿದ್ದುವುದು ಕೇಂದ್ರದ ಆಡಳಿತಗಾರರ ಕೆಲಸ. ಅದಕ್ಕೆ ‘ಎಡಿಟ್ ಪ್ರಾಜ್’ ಎಂಬ ಆದೇಶವಿತ್ತು. ಆದರೆ ಪ್ರಾಜೆಕ್ಟಿನೊಳಗೆ ಯಾರು ಸದಸ್ಯರು, ಯಾರಿಗೆಷ್ಟು ಪಾಲು ಎಂಬುದನ್ನು ಆಯಾ ಪ್ರಾಜೆಕ್ಟಿನ ಮುಖ್ಯಸ್ಥರೇ ತಿದ್ದಬಹುದಾಗಿತ್ತು. ಕೇಂದ್ರವು ಹಾಕಿದ ಗೆರೆಯನ್ನು ಮಾತ್ರ ಅವರು ದಾಟುವಂತಿರಲಿಲ್ಲ. ಈ ಮಲ್ಟಿಕ್ಸ್ 2000ದ ಅಕ್ಟೋಬರಿನವರೆಗೂ ಕೆನಡಾದಲ್ಲಿ ಬಳಕೆಯಲ್ಲಿತ್ತು.

ಇದರಲ್ಲಿ ನಾವು ಕಲಿಯಬೇಕಾದುದು ಬಹಳವಿದೆ ಎಂದು ನನ್ನ ಅಭಿಪ್ರಾಯ. ತಪ್ಪನ್ನು ತಿದ್ದುವ ಅಧಿಕಾರವು ತಪ್ಪಿನಿಂದ ನೋಯುವವನ ಹತ್ತಿರವಿರಬೇಕು. ದೂರದ ಕಚೇರಿಯವರಿಗೆ ನಾನೊಂದು ಸಂಖ್ಯೆ. ನನ್ನ ತರಗತಿಯ ಅಧ್ಯಾಪಕರಿಗೆ ನನ್ನ ಹೆಸರಿನ ಅಕ್ಷರಗಳು ಗೊತ್ತು. “ಎಲ್ಲರ ಕೈಗೂ ಲೇಖನಿ ಕೊಟ್ಟರೆ ಮೋಸ ಹೆಚ್ಚದೆ?” ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆ ತಳ್ಳಿಹಾಕತಕ್ಕದ್ದಲ್ಲ. ಹಿಂದೆ ನಮ್ಮೂರಿನಲ್ಲಿ ಶಾನುಭೋಗರು ಬರೆದದ್ದೇ ಬರೆದದ್ದಾಗಿತ್ತೆಂದು ತಾತ ಹೇಳುತ್ತಿದ್ದರು. ಲೇಖನಿ ಹತ್ತಿರವಿದ್ದ ಮಾತ್ರಕ್ಕೆ ನ್ಯಾಯ ದೊರೆಯುವುದಿಲ್ಲ. ಆದುದರಿಂದಲೇ ಅಧಿಕಾರಕ್ಕೆ ಗೆರೆ ಬೇಕು, ತಿದ್ದಿದ ಕೈಯ ಗುರುತೂ ಬೇಕು. ಹೆಸರಿನ ಅಕ್ಷರವನ್ನು ತಿದ್ದುವವರು ಹಣದ ಮೊತ್ತವನ್ನು ಮುಟ್ಟಬಾರದು. ಏನನ್ನು ತಿದ್ದಿದರೂ ಯಾರು, ಎಂದು, ಏಕೆ ತಿದ್ದಿದರೆಂಬುದು ದಾಖಲೆಯಲ್ಲೇ ಉಳಿಯಬೇಕು.

ನಮ್ಮ ಕಾಲೇಜಿನಲ್ಲಿಯೇ ಇದನ್ನು ಆರಂಭಿಸಬಹುದು. ಪ್ರವೇಶದ ವಿವರಗಳನ್ನು ಮೇಲಕ್ಕೆ ಕಳುಹಿಸುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಗೂ ಅವನ ದಾಖಲೆಯನ್ನು ತೋರಿಸಿ, ಓದಿಸಿ, ರುಜು ಪಡೆಯಲಿ. ತಪ್ಪಿದ್ದರೆ ಅಧ್ಯಾಪಕರೊಬ್ಬರು ತಮ್ಮ ಹೆಸರಿನಲ್ಲಿ ತಿದ್ದಲಿ. ಮನೆಯಲ್ಲಿ ಓದಿದವರಿರುವ ಮಕ್ಕಳಿಗೆ ಇದು ಸಣ್ಣ ವಿಷಯವೆನಿಸೀತು. ಅರ್ಜಿ ಓದಿ ಹೇಳುವವರಿಲ್ಲದ ಮನೆಗಳಿಂದ ಬಂದ ನಮಗೆ ಒಂದಕ್ಷರವೆಂದರೆ ಒಂದು ವರ್ಷದ ಓದು.

ನನ್ನ ಹಣ ಐದನೆಯ ತಿಂಗಳಲ್ಲಿ ಬಂತು. ಅಷ್ಟರಲ್ಲಿ ಅವ್ವನ ಓಲೆ ಗಿರವಿಗೆ ಹೋಗಿತ್ತು, ಅದನ್ನಿನ್ನೂ ಬಿಡಿಸಿಕೊಂಡಿಲ್ಲ. ಆ ಅಕ್ಷರವನ್ನು ಯಾರು ತಿದ್ದಿದರೋ ತಿಳಿಯದು. ಅವರಿಗೆ ನನ್ನ ನಮಸ್ಕಾರ. ಮೊದಲು ತಪ್ಪಾಗಿ ಬರೆದವರು ಯಾರೆಂಬುದೂ ತಿಳಿಯದು. ಅಪ್ಪನ ಪ್ರಶ್ನೆಗೆ ನಾನಿನ್ನೂ ಉತ್ತರ ಹೇಳಬೇಕಾಗಿದೆ.